ಆನೆ ಗ್ರೂಪಿನಲ್ಲಿ ಹುಟ್ಟುಹಬ್ಬ

ಇದನ್ನು ಯಾರಿಗೆ ಬೇಕಾದರೂ ಕಳಿಸಿ... ನಿಮ್ಮ ಊರಿನ ಆನೆ ಗ್ರೂಪಿಗೆ ಮಾತ್ರ ದಯವಿಟ್ಟು ಹಾಕಬೇಡಿ. ಯಾಕೆ ಅನ್ನುವುದು ಓದಿದ ಮೇಲೆ ಗೊತ್ತಾಗುತ್ತದೆ.

ನಮ್ಮದು ಹಾಸನ ಜಿಲ್ಲೆಯಲ್ಲಿ ಕಾಡಂಚಿನ ಒಂದು ಊರು. ಒಂದು ಕಡೆ ಕಾಫಿ ತೋಟ, ಇನ್ನೊಂದು ಕಡೆ ಗದ್ದೆ, ನಡುವೆ ಆನೆಗಳು ಓಡಾಡುವ ದಾರಿ.

ಹೋದ ವರ್ಷ ಯಾರೋ ಗದ್ದೆಯ ಬೇಲಿಗೆ ಕರೆಂಟು ಕೊಟ್ಟಿದ್ದರು... ಒಂದು ಮರಿಯಾನೆ ಅಲ್ಲೇ ಸತ್ತಿತು. ತಾಯಿ ಆನೆ ಅದರ ಪಕ್ಕದಿಂದ ಕದಲಲೇ ಇಲ್ಲ.

ಅದನ್ನು ನೋಡಿದ ಮೇಲೆ ಕಾಲೇಜಿಗೆ ಹೋಗುವ ನಾವು ಐದು ಜನ ಒಂದಾದೆವು. ಸಂಬಳವಿಲ್ಲ, ಸರ್ಟಿಫಿಕೇಟೂ ಇಲ್ಲ. ನಮ್ಮ ಲೀಡರ್ ಸಿಂಚನ, ಬಿ.ಎಸ್ಸಿ. ಎರಡನೇ ವರ್ಷ.

ಅವಳ ಲೆಕ್ಕಾಚಾರ ಸರಳವಾಗಿತ್ತು. ಆನೆ ಎಲ್ಲಿದೆ ಎಂದು ಮೊದಲೇ ತಿಳಿದರೆ ಜನ ಆ ಕಡೆ ಹೋಗುವುದಿಲ್ಲ, ಅರಣ್ಯ ಇಲಾಖೆಯವರೂ ಬೇಗ ಬರುತ್ತಾರೆ... ಬೇಲಿಗೆ ಕರೆಂಟು ತಂತಿಯೇ ಬೇಕಾಗುವುದಿಲ್ಲ.

ಅದಕ್ಕೇ ಊರಿನವರನ್ನೆಲ್ಲ ಸೇರಿಸಿ ಒಂದು ವಾಟ್ಸಾಪ್ ಗ್ರೂಪ್ ಮಾಡಿದಳು. ನಿಯಮ ಒಂದೇ... ಆನೆ ಸುದ್ದಿ ಬಿಟ್ಟು ಬೇರೇನೂ ಹಾಕಬಾರದು.

ತಂತಿ ಬಿಚ್ಚಿ ಎಂದು ಮನೆಮನೆ ಸುತ್ತಿದೆವು. ಕಾಡಿಗೆ ಅಂಟಿಕೊಂಡೇ ಗದ್ದೆಯಿದ್ದ ಕಾಂತರಾಜಣ್ಣ ಮಾತ್ರ ಜಗ್ಗಲಿಲ್ಲ. ಸಿಂಚನ ಅವರ ಹೊಸ್ತಿಲು ಸವೆಯುವಷ್ಟು ಓಡಾಡಿದಳು.

ಕೊನೆಗೆ ಅವರು ತಂತಿ ಬಿಚ್ಚಿ, ಸುರುಳಿ ಸುತ್ತಿ ಅಟ್ಟಕ್ಕೆ ಹಾಕಿದರು. ಆದರೆ ಒಂದು ಮಾತು ಹೇಳಿದರು...

"ನಿನ್ ಮಾತ್ ನಂಬಿ ಬಿಚ್ಚಿವ್ನಿ ಕಣವ್ವ. ಒಂದ್ಸಲ ಸುದ್ದಿ ತಪ್ಪಿದ್ರೂ ಮತ್ತೆ ಕಟ್ತೀನಿ. ಆಮೇಲ್ ಬಂದು ಅತ್ರೆ ಕೇಳಕಿಲ್ಲ."

ಇನ್ನು ನಮ್ಮೂರಿನವರ ಕಥೆ ಕೇಳಿ.

ಬೆಳಗಾದರೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್. ಮಧ್ಯಾಹ್ನ ರಾಶಿಫಲ. ಸಂಜೆ, ಹಳೇ ಫ್ರಿಜ್ ಮಾರಾಟಕ್ಕಿದೆ... ಆನೆ ಗ್ರೂಪಿನಲ್ಲಿ ಆನೆಯೊಂದನ್ನು ಬಿಟ್ಟು ಎಲ್ಲವೂ ಇತ್ತು.

ಸಿಂಚನ ಕೈ ಮುಗಿದು ಬೇಡಿದಳು, ಡಿಲೀಟ್ ಮಾಡಿದಳು, ಬೈದೂ ನೋಡಿದಳು... ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಒಬ್ಬ ಹಿರಿಯರಂತೂ, ಒಂದು ಹೂವು ಹಾಕಿದರೆ ಆನೆಗೇನಮ್ಮ ನೋವು ಎಂದು ಕೇಳಿದರು.

ಅಡ್ಮಿನ್ ಮಾತ್ರ ಮೆಸೇಜ್ ಹಾಕುವಂತೆ ಮಾಡಿಬಿಡು ಎಂದು ನಾನು ರೇಗಿದೆ. ಅವಳು ಒಪ್ಪಲಿಲ್ಲ.

ಆನೆಯನ್ನು ಮೊದಲು ನೋಡುವುದು ಅಡ್ಮಿನ್ ಅಲ್ಲ, ಬೆಳಿಗ್ಗೆ ತೋಟಕ್ಕೆ ಹೋಗುವ ಹೆಂಗಸರು... ಅವರ ಬಾಯಿ ಕಟ್ಟಿದ ಮೇಲೆ ಗ್ರೂಪ್ ಯಾಕೆ ಎಂದಳು. ನಿಯಮ ಮುರಿದವರನ್ನು ತೆಗೆಯಲೂ ಅವಳಿಗೆ ಮನಸ್ಸು ಬರಲಿಲ್ಲ. ತೆಗೆದವರಿಗೇ ನಾಳೆ ಆನೆ ಎದುರಾದರೆ?

ಹೀಗಿರುವಾಗ ಬಂತು... ಸಿಂಚನಳ ಹುಟ್ಟುಹಬ್ಬ.

ಬೆಳಗಾಗುತ್ತಲೇ ಯಾರೋ ಅವಳ ಫೋಟೋಗೆ ಕೇಕಿನ ಚೌಕಟ್ಟು ಹಾಕಿ ಗ್ರೂಪಿಗೆ ಬಿಟ್ಟರು. ಅಷ್ಟೇ ಸಾಕಾಯಿತು... ಊರಿಗೆ ಊರೇ ಮುಗಿಬಿತ್ತು. ಕೇಕು, ಬಲೂನು, ಹೂಗುಚ್ಛ...

ಅದರ ನಡುವೆ, ಕಾಫಿ ಕುಯ್ಯಲು ಹೊರಟಿದ್ದ ಜವರಮ್ಮ ಕೆರೆ ಏರಿಯ ಮೇಲೆ ಮೂರು ಆನೆ ಕಂಡು ವಾಯ್ಸ್ ಮೆಸೇಜ್ ಹಾಕಿದ್ದರು. ಅವು ಕಾಂತರಾಜಣ್ಣನ ಗದ್ದೆಯ ಕಡೆ ಹೊರಟಿವೆ, ಯಾರೂ ಆ ಕಡೆ ಹೋಗಬೇಡಿ ಎಂದು.

ಯಾರೂ ಕೇಳಲಿಲ್ಲ. ಕಾಲೇಜು ಬಸ್ಸಿನಲ್ಲಿದ್ದ ನಮಗೂ ಕಾಣಲಿಲ್ಲ. ಶುಭಾಶಯಗಳ ರಾಶಿ ಅದನ್ನು ಎಲ್ಲೋ ಮೇಲಕ್ಕೆ ತಳ್ಳಿಬಿಟ್ಟಿತ್ತು.

ಅರ್ಧ ದಾರಿಯಲ್ಲಿ ಫೋನ್ ಬಂತು... ಗದ್ದೆ ನೋಡಲು ಹೋದ ಕಾಂತರಾಜಣ್ಣನಿಗೆ ಆನೆ ಎದುರಾಗಿದೆ. ಓಡುವಾಗ ಕಾಲುವೆಗೆ ಬಿದ್ದು ಕಾಲು ಮುರಿದಿದೆ. ತೆನೆ ಬಂದಿದ್ದ ಭತ್ತವನ್ನು ಆನೆಗಳು ತುಳಿದು ಹೋಗಿವೆ.

ಸಿಂಚನ, ನಾನು ಇಬ್ಬರೂ ಬಸ್ಸಿಳಿದು ಆಸ್ಪತ್ರೆಗೆ ಓಡಿದೆವು. ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವರು ತಂತಿ ಮತ್ತೆ ಕಟ್ಟುತ್ತಾರೆ... ಇನ್ನೊಂದು ಮರಿ ಸಾಯುತ್ತದೆ... ಎಲ್ಲ ನನ್ನ ಹುಟ್ಟುಹಬ್ಬದಿಂದ ಎಂದು ಅತ್ತಳು. ನನಗೆ ಇಡೀ ಊರಿನ ಮೇಲೆ ಮೈ ಉರಿಯುವಷ್ಟು ಸಿಟ್ಟು.

ಒಳಗೆ ಕಾಂತರಾಜಣ್ಣ ಕಾಲಿಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದರು. ಸಿಂಚನ ಬಾಯಿ ತೆರೆಯುವ ಮೊದಲೇ ತಮ್ಮ ಫೋನನ್ನು ಅವಳ ಕೈಗಿಟ್ಟರು.

ಗ್ರೂಪ್ ತೆರೆದಿತ್ತು. ಅಲ್ಲಿ ಅವರದೇ ಮೆಸೇಜ್... ನೂರು ಕಾಲ ಬಾಳು ಮಗಳೇ. ಅದರ ಸ್ವಲ್ಪ ಮೇಲೆ ಜವರಮ್ಮನ ವಾಯ್ಸ್ ಮೆಸೇಜ್.

"ಗದ್ದೆ ಬದಿನ್ ಮೇಲೆ ನಿಂತ್ಕಂಡೇ ನಿಂಗೆ ವಿಶ್ ಮಾಡ್ದೆ ಕಣ್ ಮಗ. ಬೆರಳು ಒಂಚೂರು ಮೇಲಕ್ ಆಡ್ಸಿದ್ರೆ ಜವರಮ್ಮನ ಮಾತು ಕೇಳಸ್ತಿತ್ತು."

ಸಿಂಚನಳ ಕಣ್ಣೀರು ನಿಲ್ಲಲಿಲ್ಲ. ತಂತಿಯ ವಿಷಯ ಕೇಳುವ ಧೈರ್ಯ ನಮಗಿಬ್ಬರಿಗೂ ಇರಲಿಲ್ಲ. ಅವರೇ ಹೇಳಿದರು...

"ತಂತಿ ಅಟ್ಟದ್ ಮೇಲೇ ಇರ್ಲಿ. ಆನೆದೇನೈತೆ ತಪ್ಪು? ಅವು ಬರ್ತಾ ಅವೆ ಅಂತ ಸುದ್ದಿ ಬಂದೇ ಬಂತು. ಕೇಳಿಸ್ಕಳ್ದೇ ಇದ್ದೋರು ನಾವು."

ಅಷ್ಟರಲ್ಲಿ ಫೋನ್ ಟಿಂಗ್ ಟಿಂಗ್ ಎನ್ನತೊಡಗಿತು. ಕಾಂತರಾಜಣ್ಣ ಬೇಗ ಗುಣವಾಗಲಿ... ಕೈ ಮುಗಿಯುವ ಇಮೋಜಿ... ದೇವರ ಫೋಟೋ... ಅದೂ ಅದೇ ಆನೆ ಗ್ರೂಪಿನಲ್ಲಿ!

ಈ ಜನಕ್ಕೆ ಬುದ್ಧಿ ಬರುವುದು ಯಾವಾಗ ಎಂದು ನನಗೆ ಅಳುವೇ ಬಂತು.

ಕಾಂತರಾಜಣ್ಣ ಫೋನ್ ಇಸಿದುಕೊಂಡು, ನೋವಿಗೆ ಹಲ್ಲು ಕಚ್ಚಿಕೊಂಡೇ ಮಾತಾಡಿ ಕಳಿಸಿದರು...

"ನಾನ್ ಬದುಕಿವ್ನಿ. ನಂಗ್ ಯಾರೂ ಏನೂ ಕಳಿಸ್ಬೇಡಿ. ಆ ಮೂರು ಆನೆ ಈಗ ಎಲ್ಲವೆ? ಕಂಡೋರು ಅದನ್ ಹೇಳಿ."

ಗ್ರೂಪ್ ಗಪ್‌ಚುಪ್ ಆಯಿತು.

ಸ್ವಲ್ಪ ಹೊತ್ತಿಗೆ ಒಂದೇ ಒಂದು ಮೆಸೇಜ್ ಬಂತು... ಆನೆಗಳು ಶಾಲೆಯ ಹಿಂದಿನ ತೋಟದಲ್ಲಿವೆ ಎಂದು. ಆಟಕ್ಕೆ ಬಿಟ್ಟಿದ್ದ ಮಕ್ಕಳನ್ನು ಹೆಡ್‌ಮೇಷ್ಟ್ರು ತಕ್ಷಣ ಒಳಗೆ ಕರೆದು ಬಾಗಿಲು ಹಾಕಿದರು.

ಆ ಮೆಸೇಜಿನ ಕೆಳಗೆ ಯಾರೂ ಏನೂ ಹಾಕಲಿಲ್ಲ... ಒಂದು ಥ್ಯಾಂಕ್ಸ್ ಕೂಡ.

ಪ್ರೀತಿ ತೋರಿಸಲು ನೂರು ಜಾಗಗಳಿವೆ... ಎಚ್ಚರಿಕೆ ಕೇಳಿಸುವ ಜಾಗ ಒಂದೇ ಇರುತ್ತದೆ.

ನಿಮ್ಮೂರಿನಲ್ಲೂ ಕಾಡಿಗಾಗಿ, ನಿಮಗಾಗಿ ಓಡಾಡುವ ಮಕ್ಕಳಿರಬಹುದು... ನೀವು ಅವರಿಗೆ ಕೊಡುತ್ತಿರುವುದು ಹೂವಿನ ಚಿತ್ರವನ್ನೋ, ನಿಮ್ಮ ಕಿವಿಯನ್ನೋ?