ಮೂಲೆ ಕೋಣೆಯ ಬಾಗಿಲು

ಮಹಡಿಯ ಮೂಲೆ ಕೋಣೆಯ ಬಾಗಿಲು ತೆರೆಯುತ್ತಿಲ್ಲವೆಂದು ಸೊಸೆ ಓಡಿಬಂದು ಹೇಳಿದಾಗ ಲಾಡ್ಜಿನ ಅಜ್ಜಿ ಕೌಂಟರಿನಲ್ಲಿ ಕೂತು ದಿಂಬಿನ ಕವರಿಗೆ ಗುಂಡಿ ಹೊಲಿಯುತ್ತಿದ್ದಳು. ಒಳಗಿದ್ದವಳು ಹಿಂದಿನ ಸಂಜೆ ಒಂದೇ ಸೂಟ್‌ಕೇಸ್ ಹಿಡಿದು ಬಸ್ಸಿಳಿದು ಬಂದಿದ್ದ ಟೀಚರು. ಐವತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಇವತ್ತು ಇದೇ ಊರಿನ ನಿವೃತ್ತ ಬಸ್ ಕಂಡಕ್ಟರೊಬ್ಬರ ಜೊತೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಅವಳ ಮದುವೆ. ಅವಳ ಕಡೆಯವರು ಯಾರೂ ಬರುವುದಿಲ್ಲವೆಂದು ತಿಳಿದು ಅಜ್ಜಿಯೇ ಸಾಕ್ಷಿಗೆ ಒಪ್ಪಿಕೊಂಡಿದ್ದಳು.

ಬಾಗಿಲು ತೆಗೆಯಲು ಬರುತ್ತಿಲ್ಲ ಎಂದು ಟೀಚರು ಒಳಗಿಂದ ಒಮ್ಮೆ ಹೇಳಿದ್ದಳು, ಅಷ್ಟೆ. ಅಜ್ಜಿಯ ಮಗ ಇನ್ನೊಂದು ಕೀಲಿ ತಂದು ತಿರುಗಿಸಿದ, ಭುಜ ಕೊಟ್ಟು ತಳ್ಳಿದ. ಮುತ್ತಾತನ ಕಾಲದ ಬೀಗ ಇವತ್ತೇ ಕೈಕೊಡಬೇಕಿತ್ತೇ ಎಂದು ಗೊಣಗುತ್ತ ಬಡಗಿಯನ್ನು ಕರೆಸಿದ. ಸೊಸೆ ಬಾಗಿಲ ಸಂದಿಗೆ ಬಾಯಿಟ್ಟು ಧೈರ್ಯ ಹೇಳುತ್ತಲೇ ಇದ್ದಳು.

ಬಡಗಿ ಉಳಿ ತೆಗೆಯುವ ಹೊತ್ತಿಗೆ ಅಜ್ಜಿ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಎಲ್ಲರನ್ನೂ ಕೆಳಗೆ ಅಟ್ಟಿ, ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು.

“ಬೀಗ ಕೆಟ್ಟಿಲ್ಲ ಅಲ್ವೇನಮ್ಮಾ?”

ಒಳಗಿಂದ ಉತ್ತರ ಬಂತು. “ಇಲ್ಲ. ಚಿಲಕ ಹಾಕ್ಕೊಂಡಿದೀನಿ.”

ಆ ಮನುಷ್ಯ ಏನಾದರೂ ಸುಳ್ಳು ಹೇಳಿದನೇ, ಒರಟನೇ ಎಂದು ಅಜ್ಜಿ ಕೇಳಿದಳು. ಅಂಥದ್ದೇನೂ ಇಲ್ಲ, ಬಂಗಾರದಂಥವರು, ಅದೇ ತೊಂದರೆ ಎಂದಳು ಟೀಚರು. ಮೊದಲ ಗಂಡ ಹಾಸಿಗೆ ಹಿಡಿದಾಗ ಕೊನೆಯ ಗುಟುಕು ನೀರಿನವರೆಗೂ ನೋಡಿಕೊಂಡವಳು ಅವಳು. ಬೆಳಿಗ್ಗೆ ಹೊಸ ಸೀರೆಯುಟ್ಟು ಕನ್ನಡಿಯ ಮುಂದೆ ನಿಂತಾಗ ಅದೆಲ್ಲ ಒಟ್ಟಿಗೆ ನೆನಪಾಗಿ ಚಿಲಕ ಹಾಕಿಕೊಂಡು ಕೂತುಬಿಟ್ಟಳಂತೆ.

“ಇನ್ನೊಬ್ಬರನ್ನ ಕಳಿಸಿಕೊಡೋ ಶಕ್ತಿ ನನಗಿಲ್ಲಮ್ಮ.”

“ಅವನೇ ಮೊದಲು ಹೋಗ್ತಾನೆ ಅಂತ ಯಾಕೆ ಅಂದ್ಕೊಂಡೆ?” ಎಂದಳು ಅಜ್ಜಿ. “ನೀನೇ ಹೋಗಬಹುದು. ಆಗ ಆ ಪಾಡು ಅವನದು.”

ಒಳಗಿಂದ ಮೂಗು ಸೀಟಿದ ಸದ್ದು, ಅದರ ಬೆನ್ನಿಗೇ ತಡೆಯಲಾಗದ ನಗು. ಚಿಲಕ ಸರಿಯಿತು. ಆಸರೆಯಾಗಿದ್ದ ಬಾಗಿಲು ಒಳಕ್ಕೆ ಹೋಗಿ ಅಜ್ಜಿ ಹಿಂದಕ್ಕೆ ವಾಲಿದಳು. ಟೀಚರು ಎರಡೂ ಕೈಯಿಂದ ಅವಳನ್ನು ಹಿಡಿದುಕೊಂಡಳು.

ಕೆಳಗೆ ಕಂಡಕ್ಟರು ಇಸ್ತ್ರಿ ಹಾಕಿದ ಅಂಗಿಯಲ್ಲಿ ಬೆವರುತ್ತ ನಿಂತಿದ್ದರು. ಬೀಗ ಕೆಟ್ಟಿತ್ತೆಂದು ಮಗ ಅವರಿಗೆ ಸಮಜಾಯಿಷಿ ಕೊಡುತ್ತಿದ್ದ. ಹಾಳು ಬೀಗ ಎಂದು ಅಜ್ಜಿಯೂ ದನಿಗೂಡಿಸಿದಳು. ಟೀಚರಿಗೆ ಅದು ಸರಿಬರಲಿಲ್ಲ.

“ಬೀಗ ಚೆನ್ನಾಗೇ ಇದೆ. ಚಿಲಕ ಹಾಕ್ಕೊಂಡು ಕೂತಿದ್ದು ನಾನು. ಹೆದರಿಕೆ ಆಯ್ತು.”

ಕಂಡಕ್ಟರು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. “ನಾನೂ ಬೆಳಿಗ್ಗೆಯಿಂದ ಎರಡು ಸಲ ಈ ಬಾಗಿಲ ತನಕ ಬಂದು ವಾಪಸ್ ಹೋದೆ,” ಎಂದರು ಮೆಲ್ಲಗೆ.

“ಮೂರು ಸಲ,” ಎಂದಳು ಅಜ್ಜಿ, ಚಪ್ಪಲಿ ಮೆಟ್ಟಿಕೊಳ್ಳುತ್ತ. “ಇಲ್ಲೇ ಕೂತು ನೋಡ್ತಾನೇ ಇದ್ದೆ.”