ಸೆರಗಿನ ಕಲ್ಲು

ಚಂದ್ರನಲ್ಲಿ ತಲೆಯ ಮೇಲೆ ಸೆರಗು ನಿಲ್ಲುವುದಿಲ್ಲ. ಎರಡು ಹೆಜ್ಜೆ ಇಟ್ಟರೆ ಸಾಕು, ಗಾಳಿಪಟದ ಹಾಗೆ ಮೇಲೇಳುತ್ತದೆ. ಮದುವೆಯಾಗಿ ಬಂದ ಹೊಸತರಲ್ಲಿ ನೀಲಗಂಗವ್ವ ಇದಕ್ಕೆ ರೋಸಿಹೋಗಿ, ತನ್ನ ಇಳಕಲ್ ಸೀರೆಯ ಸೆರಗಿನ ತುದಿಗೆ ಅಲ್ಲಿನದೇ ನಾಲ್ಕು ಕಲ್ಲು ಗಂಟು ಹಾಕಿದ್ದಳು. ಅಂದಿನಿಂದ ಅಲ್ಲಿಯ ಹೆಂಗಸರೆಲ್ಲ ಹಾಗೇ ಉಡುತ್ತಿದ್ದರು. ಪ್ರತಿ ಪಂಚಮಿಗೆ ಅವರು ಜೋಕಾಲಿ ಆಡುವ ಫೋಟೊಗಳು ಭೂಮಿಗೆ, ಇಳಕಲ್ಲಿಗೂ ಹೋಗುತ್ತಿದ್ದವು.

ಇವತ್ತು ಇಳಕಲ್ಲಿನಿಂದ ಹೊಸ ಸೊಸೆ ಮಹಾನಂದಾ ಬರುವವಳಿದ್ದಳು. ನೇಕಾರರ ಮನೆಯ ಮಗಳು, ಕಲ್ಲು ಕಂಡರೆ ನಕ್ಕಾಳು ಎಂದು ನೀಲಗಂಗವ್ವ ಗಂಟು ಬಿಚ್ಚಿ, ಸೆರಗನ್ನು ಕೈಯಲ್ಲಿ ಹಿಡಿದುಕೊಂಡೇ ಬಾಗಿಲಿಗೆ ಬಂದಳು.

ಸೊಸೆ ಬಗ್ಗಿ ಕಾಲು ಮುಟ್ಟಿದಳು. ಅವಳ ತಲೆಯ ಮೇಲಿನ ಸೆರಗು ಅಲುಗಾಡಲಿಲ್ಲ. ತುದಿಯಲ್ಲಿ ನಾಲ್ಕು ಕಲ್ಲು!

"ಇದೇನವ್ವಾ, ಭೂಮಿ ಮ್ಯಾಲೂ ಕಲ್ಲು ಕಟ್ಟತೀರೇನು?"

"ಹೌದ್ರಿ ಅತ್ತಿ. ಕುತ್ತಿಗಿ ಜಗ್ಗತೈತಿ, ಆದ್ರ ಬಿಡಾಂಗಿಲ್ಲ. ಅಜ್ಜಿ ಮುತ್ತಜ್ಜಿ ಕಾಲದ ಪದ್ಧತಿ ಅಂತಾರ್ರಿ ನಮ್ಮೂರಾಗ." ಮಹಾನಂದಾ ಅತ್ತೆಯ ಬರೀ ಸೆರಗನ್ನು ನೋಡಿ ಮೆಲ್ಲಗೆ ಕೇಳಿದಳು, "ನೀವು ಕಟ್ಟಂಗಿಲ್ಲೇನ್ರಿ?"

ನೀಲಗಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗು ನುಂಗಿದಳು.

"ಇಲ್ಲಿಗೆ ಬಂದು ಎಲ್ಲಾ ಮರತೇವವ್ವಾ. ಬಾ, ನೀನ ಕಟ್ಟಿಕೊಡು."