ಅಳಿವೆಯೇ ಗಡಿ

ಹೊಳೆ ಸಮುದ್ರ ಸೇರುವ ಅಳಿವೆಯ ಎರಡು ದಡಕ್ಕೂ ಒಂದೇ ಪುರಸಭೆ. ಕಚೇರಿ ಮಾತ್ರ ತೆಂಕು ದಡದಲ್ಲಿ. ಬಡಗು ದಡದಲ್ಲಿ ಒಂದು ಬೀದಿದೀಪ ಕೆಟ್ಟರೂ ಅಲ್ಲಿನ ಮುಂದಾಳು ವಾಮನ ಖಾರ್ವಿಯವರು ದೋಣಿ ಹತ್ತಿ ಹೋಗಿ ಅಧ್ಯಕ್ಷ ಶಾನಭಾಗರ ಮುಂದೆ ಕೈಕಟ್ಟಿ ನಿಲ್ಲಬೇಕಿತ್ತು. ಈ ಅವಮಾನ ಸಾಕೆಂದು ಅರ್ಧ ಆಯುಷ್ಯ ಹೋರಾಡಿದ ಮೇಲೆ, ಕೊನೆಗೂ ಬಡಗು ದಡಕ್ಕೆ ಸ್ವಂತ ಪುರಸಭೆ ಮಂಜೂರಾಯಿತು.

ಗಡಿ ಗುರುತಿಸಲು ಬಂದ ತಹಶೀಲ್ದಾರರು ಖಾರ್ವಿಯವರನ್ನು ಕೇಳಿದರು: "ಕಲ್ಲು ನೆಡಿಸೋಣವಾ?"

"ಕಲ್ಲು ಎಂತಕ್ಕೆ ಸಾರ್? ಶಾನಭಾಗರು ಕಿತ್ತು ಈಚೆ ನೆಡಿಸ್ತಾರೆ. ಅಳಿವೆಯೇ ಗಡಿ ಅಂತ ಬರೀರಿ. ಅದನ್ನು ಕೀಳ್ಲಿಕ್ಕೆ ಅವರಪ್ಪನಿಂದಲೂ ಆಗ್ಲಿಕ್ಕಿಲ್ಲ."

ತಹಶೀಲ್ದಾರರು ಹಾಗೆಯೇ ಬರೆದುಕೊಂಡರು.

ಆ ಮಳೆಗಾಲದಲ್ಲಿ ಹೊಳೆ ಉಕ್ಕಿ, ಖಾರ್ವಿಯವರ ಮನೆಯ ಹಿಂದೆ ಬಡಗಿಗಿದ್ದ ಮರಳ ದಿಬ್ಬವನ್ನು ಒಡೆದು ಸಮುದ್ರಕ್ಕೆ ನುಗ್ಗಿತು. ಮನೆಯ ಒಂದು ಹೆಂಚೂ ಅಲುಗಲಿಲ್ಲವೆಂದು ಅವರು ದೇವರಿಗೆ ಕಾಯಿ ಒಡೆಸಿದರು.

ಮಳೆ ನಿಂತು ಹೊಸ ಪುರಸಭೆಗೆ ಮೊದಲ ಚುನಾವಣೆ ಬಂತು. ನಾಮಪತ್ರ ಸಲ್ಲಿಸಲೆಂದು ಖಾರ್ವಿಯವರು ಇಸ್ತ್ರಿ ಮಾಡಿದ ಪಂಚೆ ಉಟ್ಟು ಹೊರಗೆ ಬಂದರೆ, ಅಂಗಳದಲ್ಲಿ ಶಾನಭಾಗರು ನಗುತ್ತ ನಿಂತಿದ್ದರು. ಕಾಲಿಗೆಲ್ಲ ಮರಳು ಮೆತ್ತಿತ್ತು.

"ಓಹೋ, ಈಗ ನೀವೂ ದೋಣಿ ಹತ್ತುವ ಹಾಗಾಯ್ತಲ್ಲ!" ಎಂದರು ಖಾರ್ವಿಯವರು.

"ದೋಣಿ ಎಂತಕ್ಕೆ ಮಾರಾಯ್ರೆ? ಹಳೇ ಅಳಿವೆ ಮರಳು ತುಂಬಿ ಮುಚ್ಚಿದೆ, ಹೊಸತು ನಿಮ್ಮ ಹಿತ್ತಿಲಿನ ಆಚೆ ಉಂಟು. ನಮ್ಮ ಪುರಸಭೆಯ ಮತದಾರರನ್ನು ಮಾತಾಡಿಸಿ ಹೋಗುವ ಅಂತ ನಡೆದೇ ಬಂದೆ."